ತೊಲೆ ಇದ್ದಷ್ಟೇ ಗೋಲು

ಈ ವೇದಿಕೆಯ ನಾಲ್ಕು ಕಾಲುಗಳಿಗಿಂತ ಗಟ್ಟಿಯಾಗಿ ನಮ್ಮ ಫುಟ್‌ಬಾಲ್ ಕ್ಲಬ್ಬನ್ನು ಹೊತ್ತು ನಿಂತಿರುವ ಅಧ್ಯಕ್ಷರೇ, ನಮ್ಮ ಮೈದಾನ ಅಳೆಯಲೆಂದೇ ಉಕ್ಕಿನ ಟೇಪಿನ ಸಮೇತ ಬಿಜಯಂಗೈದಿರುವ ಲೀಗಿನ ಪರಿವೀಕ್ಷಕರೇ, ಫ್ಯಾನಿನ ಕೆಳಗೆ ಜಾಗ ಹಿಡಿದ ಭಾಗ್ಯವಂತರೇ, ಜಾಗ ಸಿಗದೆ ಬೆವರುತ್ತಿರುವ ಸಭಿಕರೇ,

ಕ್ಲಬ್ಬಿನ ಆರಂಭದ ಇತಿಹಾಸವನ್ನು ಎರಡೇ ಮಾತಿನಲ್ಲಿ ಹೇಳಿ ಮುಗಿಸುವುದೆಂದು ಮೊದಲು ತೀರ್ಮಾನವಾಗಿತ್ತು. ಆದರೆ ಮೆಟ್ಟಿಲು ಹತ್ತುವಾಗ ಅಧ್ಯಕ್ಷರು ನನ್ನ ತೋಳು ಹಿಡಿದು, "ನಾನು ಕನ್ನಡಕ ತೆಗೆಯೋದಕ್ಕೆ ಮುಂಚೆ ಕೂತೆಯೋ, ನೋಡು ಮಗನೇ!" ಎಂದು ಪ್ರೀತಿಯಿಂದ ಕೋರಿದ್ದಾರೆ. ಕನ್ನಡಕ ಇನ್ನೂ ಮೂಗಿನ ಮೇಲೇ ಇದೆ. ಆದ್ದರಿಂದ ಇತಿಹಾಸ ಉದ್ದವಾಗಲಿದೆ.

ಈ ಕ್ಲಬ್ಬನ್ನು ಕಟ್ಟಿದವರು ಯಾರು? ಒಬ್ಬ ಕ್ಷೌರಿಕರು, ಇಬ್ಬರು ಪೋಸ್ಟ್‌ಮ್ಯಾನ್‌ಗಳು, ಬಡಗಿಯಾಗಿದ್ದ ನನ್ನ ಅಜ್ಜ. ಚೆಂಡು ಇತ್ತೇ? ಇತ್ತು. ಮೈದಾನ ಇತ್ತೇ? ಇಟ್ಟಿಗೆ ಸುಡುವವರು ಬಿಟ್ಟುಹೋದ ಬಯಲಿತ್ತು. ಗೋಲು ಇತ್ತೇ? ಇರಲಿಲ್ಲ! ಹಳೇ ಗೋದಾಮೊಂದನ್ನು ಕೆಡವುತ್ತಿದ್ದರು. ಅಜ್ಜ ಅದರ ಎರಡು ತೊಲೆ ಹೊತ್ತು ತಂದು, ಆ ಕಡೆಗೊಂದು ಈ ಕಡೆಗೊಂದು ಕಂಬಗಳ ಮೇಲೆ ಕೂರಿಸಿಬಿಟ್ಟರು. ನಿಯಮದ ಅಳತೆಗಿಂತ ಎರಡು ಮೊಳ ಗಿಡ್ಡ...

ಕ್ಷಮಿಸಿ, ಬಾಯಿ ಜಾರಿತು. ಪರಿವೀಕ್ಷಕರು ಬರೆದುಕೊಳ್ಳಬಾರದಾಗಿ ವಿನಂತಿ. ಹೊರಗಿನ ಸುತ್ತಿಗೆ ಸದ್ದಿಗೂ ಕಿವಿಗೊಡಬಾರದು. ಅದು ನಮ್ಮ ಚಿಕ್ಕಪ್ಪ. ಅವರೂ ಬಡಗಿಯೇ. ಮೈದಾನವನ್ನು ಸ್ವಲ್ಪ ಅಲಂಕರಿಸುತ್ತಿದ್ದಾರೆ.

ಕ್ಷೌರಿಕರು ಕೇಳಿದರಂತೆ, "ಅಣ್ಣಾ, ಗೋಲು ಕಿರಿದಾಯ್ತಲ್ಲೋ?"

ಅಜ್ಜ ಉಳಿ ಮಸೆಯುತ್ತಲೇ ಅಂದರಂತೆ, "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ತೊಲೆ ಇದ್ದಷ್ಟೇ ಗೋಲು. ಕಂಡಕಂಡವರೆಲ್ಲ ನುಗ್ಗೋಕೆ ಇದೇನು ಸಂತೆಯಾ?"

ಮೊದಲ ಪಂದ್ಯ ಸೊನ್ನೆ–ಸೊನ್ನೆ. ಎರಡನೆಯದು? ಸೊನ್ನೆ–ಸೊನ್ನೆ. ಸ್ವಂತ ಮೈದಾನದಲ್ಲಿ ನಾವು ಇಂದಿಗೂ ಸೋತಿಲ್ಲ! ಗೆದ್ದಿದ್ದೀರಾ ಎಂದು ಕೇಳುವುದು ಸಭ್ಯರ ಲಕ್ಷಣವಲ್ಲ. ಈ ಅಜೇಯ ಕೀರ್ತಿಯಿಂದಲೇ ನಮಗೆ ಲೀಗಿನಲ್ಲಿ ಜಾಗ. ಇವತ್ತು ಅಳತೆ ತಪ್ಪಿದರೆ ಆ ಜಾಗ ಹೋಯಿತು, ಕ್ಲಬ್ಬಿಗೆ ಬೀಗ ಬಿತ್ತು. ತಪ್ಪುವುದಿಲ್ಲ ಬಿಡಿ, ಮಾತಿಗೆ ಹೇಳಿದೆ.

ಅಯ್ಯೋ, ಸುತ್ತಿಗೆ ಯಾಕೆ ನಿಂತಿತು? ಕಿಟಕಿಯಲ್ಲಿ ಚಿಕ್ಕಪ್ಪ ಒಂದು ಬೆರಳು ತೋರಿಸುತ್ತಿದ್ದಾರೆ. ಒಂದು ಕಡೆಯ ತೊಲೆ ಆಯಿತು, ಇನ್ನೊಂದು ಬಾಕಿ. ಚಿಕ್ಕಪ್ಪಾ, ಓಡಿ!

ಪರಿವೀಕ್ಷಕರೇ, ಎದ್ದಿರಾ? ಟೇಪು ಒಳಗಿಡಿ, ಕೂತುಕೊಳ್ಳಿ ಸಾರ್, ನಿಮ್ಮ ದಮ್ಮಯ್ಯ! ಒಂದು ಗುಟ್ಟು ಹೇಳುತ್ತೇನೆ. ಹೋದ ವಾರ ಹೆಸರು ಹೇಳದೆ ಫೋನು ಮಾಡಿ, "ಆ ಗೋಲನ್ನೊಮ್ಮೆ ಅಳೆದು ನೋಡಿ" ಅಂದವನು ಯಾರು ಗೊತ್ತೇ? ನಾನೇ. ಈ ತಂಡದಲ್ಲಿ ಗೋಲು ಹೊಡೆಯಬೇಕಾದವನು ನಾನು. ಆಡಲು ಶುರುಮಾಡಿದಾಗಿನಿಂದ ನಾನೊದ್ದ ಚೆಂಡೆಲ್ಲ ಅಜ್ಜನ ಕಂಬಕ್ಕೇ ಬಡಿದು ವಾಪಸ್ ಬಂದಿದೆ. ಸಾಯೋದ್ರೊಳಗೆ ಒಂದೇ ಒಂದು ಗೋಲು ಹೊಡೀಬೇಕು ಸಾರ್, ಅಷ್ಟೇ ಆಸೆ.

ಅಗೋ, ಕಿಟಕಿಯಲ್ಲಿ ಚಿಕ್ಕಪ್ಪನ ಎರಡು ಬೆರಳು! ಸಹನೆಯಿಂದ ಕೇಳಿದ ತಮಗೆಲ್ಲ ವಂದನೆಗಳು. ಅಧ್ಯಕ್ಷರು ಕನ್ನಡಕ ತೆಗೆದರು. ಚಪ್ಪಲಿಯನ್ನೂ ತೆಗೆಯುತ್ತಿದ್ದಾರೆ. ನಮಸ್ಕಾರ.