ಉರಿಯುವ ಕೈ ಮತ್ತು ಜಪಾನಿನ ಶಾಲೆ

ಇನ್ನೊಬ್ಬರ ಮಾತನ್ನು ಕದ್ದು ಕೇಳಿ ಬರೆಯುವುದು ಸರಿಯಲ್ಲವೇನೋ, ಕ್ಷಮಿಸಿ. ಬ್ಯಾಡಗಿ ಬಸ್ ನಿಲ್ದಾಣದಲ್ಲಿ, ಜಪಾನಿನ ಶಾಲೆಗಳನ್ನು ನೋಡಿ ಬಂದ ಶಿಕ್ಷಕಿಯೊಬ್ಬರು ವಿದ್ಯಾರ್ಥಿನಿಯ ತಾಯಿಯೊಡನೆ ಮಾತಾಡುತ್ತಿದ್ದರು.

“ಅಲ್ಲಿ ಸಾಲಿ ಹೆಂಗದಾವ್ರಿ ಅಕ್ಕೋರ?”

“ಒಬ್ಬ ಹುಡುಗಿ ಬರೀದ ಸುಮ್ಮನ ಕುಂತಿದ್ಲು, ಶೇಖವ್ವ. ಟೀಚರು ಬೈಲಿಲ್ಲ. ಮೊದಲು ಆಕಿ ಕೈ ಹಿಡಿದು ನೋಡಿದ್ರು. ನನಗ ನಿಮ್ಮ ಸುಚಿತ್ರಾ ನೆನಪಾದ್ಲು. ಆಕಿನೂ ಅವತ್ತು ಹಂಗ ಬರೀದ ಕುಂತಿದ್ಲಲ್ಲ.”

“ಮೆಣಸಿನಕಾಯಿ ತೊಟ್ಟು ಬಿಡಿಸಿ ಆಕಿ ಕೈ ಉರೀತಿದ್ವರಿ.”

“ನಾ ಕೇಳಲೇ ಇಲ್ಲ. ಹೊರಗ ನಿಂದ್ರಿಸಿದೆ.”

“ಅವತ್ತಿಂದ ಸಾಲಿ ಒಲ್ಲೆ ಅಂತಾಳ್ರಿ.”

“ಅದಕ್ಕ ನಿಮ್ಮ ಮನಿಗೆ ಬರಾಕತ್ತೇನಿ. ತಪ್ಪಾತು ಅಂತೀನಿ.”

“ಅಯ್ಯ, ಅಕ್ಕೋರು ಹಂಗ ಅಂದ್ರ ಆಕಿ ನಗ್ತಾಳ!”

“ನಗಲಿ ಬಿಡ್ರಿ. ನಕ್ಕೋತ ಸಾಲಿಗೆ ಬರಲಿ.”

ಮೋಟೆಬೆನ್ನೂರಿನ ಬಸ್ ಬಂತು. ಶೇಖವ್ವ ಅಕ್ಕೋರ ಚೀಲ ಹಿಡಿದುಕೊಂಡು ಹತ್ತಿದಳು. ಸುಚಿತ್ರಾ ಮರಳಿ ಶಾಲೆಗೆ ಹೋದಳೋ ಇಲ್ಲವೋ, ನನಗೆ ಗೊತ್ತಿಲ್ಲ.