ಕೊಂಬು ಮುರಿದ ದನ

ಎಂಬತ್ಮೂರರ ಮಳೆಗಾಲ. ಮೀನೆಲ್ಲ ಮಾರಿ, ಖಾಲಿ ಬುಟ್ಟಿಯೊಡನೆ ಕಟಪಾಡಿಯಲ್ಲಿ ಮಲ್ಪೆ ಬಸ್ಸು ಕಾಯುತ್ತಿದ್ದ ನಳಿನಾಕ್ಷಿಗೆ ಕಂಡವರ ಮಾತಿಗೆ ಕಿವಿಗೊಡುವ ಚಟವಿರಲಿಲ್ಲ. ಆದರೆ ಪಕ್ಕದಲ್ಲಿ ನಿಂತಿದ್ದ, ಅವಳಿಂದಲೇ ಬಂಗುಡೆ ಕೊಳ್ಳುವ ಒಲಿಂಡಾಬಾಯಿಯ ಸ್ವರ ಹೆದ್ದಾರಿಯ ಲಾರಿಗಳನ್ನೂ ಮೀರಿಸುತ್ತಿತ್ತು. ಜೊತೆಗಿದ್ದ ಬರ್ತಾ, "ಮೆಲ್ಲ, ಮೆಲ್ಲ" ಎನ್ನುತ್ತಿದ್ದಳು.

"ಎಂತ ಮೆಲ್ಲ? ದನ ಸಾಕುವವರಿಗೆ ಹಟ್ಟಿ ಕಟ್ಟಲು ಸರಕಾರ ಸಬ್ಸಿಡಿ ಕೊಡುವುದು. ದನ ಇರುವುದು ನನ್ನಲ್ಲಿ, ಹಟ್ಟಿ ಆದದ್ದು ಆಚೆಮನೆ ಲಿಗೋರಿಗೆ!"

"ಅವನಲ್ಲಿ ದನ ಎಲ್ಲುಂಟು?"

"ತಪಾಸಣೆಯ ದಿನ ನನ್ನದನ್ನೇ ಕೇಳಿದ. ನೆರೆಕರೆಯವನಲ್ವಾ, ಹಗ್ಗ ಬಿಚ್ಚಿ ಕೊಟ್ಟೆ."

"ಅಯ್ಯೋ ದೇವಾ! ಮತ್ತೆ?"

"ನಾನೂ ಅರ್ಜಿ ಹಾಕಿದ್ದೆನಲ್ಲ, ಮರುದಿನ ಅದೇ ಆಫೀಸರು ನನ್ನಲ್ಲಿಗೆ ಬಂದ. ಮುರಿದ ಕೊಂಬು ನೋಡಿದವನೇ, 'ಇದು ಲಿಗೋರಿಯ ದನ, ಎರವಲು ತಂದು ಸರಕಾರಕ್ಕೆ ಮೋಸ ಮಾಡ್ತೀರಾ?' ಅಂತ ನನಗೇ ಬೈದ!"

"ಲಿಗೋರಿ ಬಾಯಿ ಬಿಡಲಿಲ್ವಾ?"

"ಬಿಟ್ಟ. 'ಪಾಪದ ಹೆಂಗಸು, ಈ ಸಲ ಬಿಟ್ಟುಬಿಡಿ ಸಾರ್' ಅಂತ ನನ್ನ ಪರವಾಗಿ ಕೈಮುಗಿದ!"

ನಳಿನಾಕ್ಷಿಗೆ ಲಿಗೋರಿಯ ಮನೆಯ ದಾರಿ ಕೇಳುವಷ್ಟು ಸಿಟ್ಟು ಬಂತು.

"ಈಗ ಆ ಹಟ್ಟಿಯಲ್ಲಿ ಎಂತ ಉಂಟು?"

"ಅವನ ಸ್ಕೂಟರ್. ಕಟ್ಟಿದ ಹಟ್ಟಿ ನೋಡಲು ನಾಳೆ ಆಫೀಸರು ಬರ್ತಾನಂತೆ. ಬೆಳಿಗ್ಗೆ ಲಿಗೋರಿ ಪುನಃ ಬಂದಿದ್ದ, ದನ ಕೇಳಲಿಕ್ಕೆ."

"ಹಿಡಿಸೂಡಿ ತೆಗೆದು ಓಡಿಸಿದೆ, ಅಲ್ವಾ?"

ಕಾಪುವಿನ ಬಸ್ಸು ಬಂತು. ಮೆಟ್ಟಿಲು ಹತ್ತಿದ ಒಲಿಂಡಾಬಾಯಿ, ಹಿಂದೆಯೇ ಹತ್ತುತ್ತಿದ್ದ ಬರ್ತಾಳತ್ತ ತಿರುಗಿದಳು. ಸ್ವರ ತಗ್ಗಿತ್ತು.

"ಕೊಟ್ಟೆ, ಬರ್ತಾ. ಮಳೆಗಾಲವೆಲ್ಲ ತೆಂಗಿನ ಬುಡದಲ್ಲೇ ನೆನೆಯುತ್ತದೆ ಅದು. ಒಂದು ರಾತ್ರಿಯಾದರೂ ಮಾಡಿನಡಿ ಮಲಗಲಿ."