ತಟ್ಟದ ಚಪ್ಪಾಳೆ

ಲೈಪ್‌ಜಿಗ್‌ನ ಸಂತ ಥಾಮಸ್ ಚರ್ಚಿನ ಬಳಿ ಟ್ರಾಮಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಮಗಳು, ಊರಿನಿಂದ ಬಂದ ತಂದೆತಾಯಿಗೆ ಈ ನಗರದ ಸಂಗೀತದ ತಾಣಗಳನ್ನು ತೋರಿಸುತ್ತಿದ್ದಳು.

“ಅಮ್ಮ, ಒಳಗೆ ಹೋಗಿ ಆರ್ಗನ್ ಕೇಳೋಣ್ವಾ?”

“ಬೇಡ ವೀಬ್ಕೆ. ನಿನ್ನ ತಮ್ಮನೇ ನುಡಿಸ್ದಂಗಾಗತ್ತೆ.”

“ಹೆನಿಂಗ್ ತೀರ್ಕೊಂಡು ವರ್ಷ ಆಯ್ತಲ್ಲಮ್ಮ.”

“ನಿನ್ನೆ ಕಛೇರೀಲಿ ಯಾರೋ ಗುರುತಿಲ್ದೋರಿಗೆ ಕೈ ಕೆಂಪಾಗೋ ಹಾಗೆ ಚಪ್ಪಾಳೆ ತಟ್ಟಿದೆ. ನನ್ನ ಮಗ ನಮ್ಮೂರ ಚರ್ಚಲ್ಲಿ ಅಷ್ಟು ವರ್ಷ ನುಡಿಸ್ದ. ಅವನಿಗೆ ಒಂದು ಸಲಾನೂ ತಟ್ಟಲಿಲ್ಲ.”

“ಆರಾಧನೇಲಿ ಯಾರು ತಟ್ತಾರೆ ಕಣೇ?” ಎಂದರು ತಂದೆ.

“ಪಾದ್ರಿಗಿಂತ ದೊಡ್ಡ ಪಾದ್ರಿ ನೀವು. ಅವನು ಮೊದಲು ನುಡಿಸ್ದಾಗ ನಾನು ತಟ್ಟೋಕೆ ಹೋದೆ. ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಬಿಟ್ರಿ.”

“ಹಿಡ್ಕೊಳ್ದೆ ಇದ್ದಿದ್ರೆ ನಾನೇ ತಟ್ಟಿಬಿಡ್ತಿದ್ದೆ.”

ಟ್ರಾಮ್ ಬಂತು. ಮಗಳು ಇಬ್ಬರ ತೋಳನ್ನೂ ಹಿಡಿದು ಹತ್ತಿಸಿಕೊಂಡು ಹೋದಳು.